ಕೇರಾಫ್ ವಿಂಡೋಸ್

36 ವರ್ಷ ಅಂಚೆ ಇಲಾಖೆಯಲ್ಲಿ ಸವೆದ ನನಗೆ, ನಮ್ಮ ಮನೆಯ ನಡುಮನೆಯಿಂದ ಜಗುಲಿಗೆ ಒಂದು ಕಾಗದ ಮುಟ್ಟಿಸಲು ಹನ್ನೊಂದು ದಿನ ಹಿಡಿಯಿತು. ದೂರ ಹದಿನಾಲ್ಕು ಹೆಜ್ಜೆ. ಮಂಡಿ ನೋಯುವ ದಿನ ಹದಿನೆಂಟು. ಇಲಾಖೆಯಲ್ಲಿದ್ದಾಗ ಹೀಗಾಗಿದ್ದರೆ ಮೆಮೋ ಬರುತ್ತಿತ್ತು. ಮನೆಯಲ್ಲಿ ಮೆಮೋ ಕೊಡುವ ಅಧಿಕಾರ ನನ್ನಾಕೆಯದು. ಆಕೆ ಅದನ್ನು ಬಾಯಿಮಾತಿನಲ್ಲೇ ಕೊಟ್ಟಳು.

"ಏನ್ರೀ, ತೀರ್ಥಹಳ್ಳಿಯಿಂದ ಮೈಸೂರಿಗೆ ನಮ್ಮಮ್ಮನ ಕಾಗದ ಮೂರು ದಿನಕ್ಕೆ ಬರ್ತಿತ್ತು. ನಡುಮನೆಯಿಂದ ಇಲ್ಲಿಗೆ ಬರೋಕೆ ಇನ್ನೂ ಎಷ್ಟು ದಿನ ಬೇಕು?"

ಇದೆಲ್ಲ ಶುರುವಾದದ್ದು ಅಟ್ಟದ ಮೇಲಿನ ಟ್ರಂಕಿನಿಂದ. ಅದರ ತುಂಬ ಹಳೆಯ ಕಾಗದ: ನೀಲಿ ಇನ್‌ಲ್ಯಾಂಡುಗಳು, ಅಂಚಿಗೆ ಅರಿಸಿನ ಹಚ್ಚಿದ ಕಾರ್ಡುಗಳು, ಮೂಲೆಗೆ ಕಪ್ಪು ಬಳಿದವು. ಗೆದ್ದಲಿಗೆ ಸುಳಿವು ಸಿಗುವ ಮೊದಲೇ ಇವನ್ನು ಉಳಿಸಬೇಕೆಂದು ದಸರಾ ರಜೆಗೆ ಬಂದಿದ್ದ ಮೊಮ್ಮಗ ಒಂದೊಂದನ್ನೂ ಸ್ಕ್ಯಾನ್ ಮಾಡಿದ. ಎಂಜಿನಿಯರಿಂಗ್ ಓದುವ ಹುಡುಗ. ಸ್ಕ್ಯಾನ್ ಮಾಡಿ ಸುಮ್ಮನಿರಲು ಆಗಲಿಲ್ಲ. ಬರೆದವರ ಹೆಸರು, ವರ್ಷ, ಊರು ಒತ್ತಿದರೆ ಕಾಗದ ತೆರೆದುಕೊಳ್ಳುವ ಹಾಗೆ ಪೈಥಾನಿನಲ್ಲಿ ಒಂದು ಪ್ರೋಗ್ರಾಂ ಬರೆದು ಅದಕ್ಕೆ 'ಪತ್ರಪೆಟ್ಟಿಗೆ' ಎಂದು ಹೆಸರಿಟ್ಟ. ನನಗೆ ಕಣ್ಣು ತುಂಬಿತು. ತುಂಬಿದ ಕಣ್ಣಲ್ಲೇ ಕೇಳಿದೆ:

"ಇದನ್ನ ಎಲ್ಲಿಟ್ಟಿದ್ದೀಯೋ?"

"ನಿನ್ನ ಕಂಪ್ಯೂಟರಲ್ಲೇ ತಾತ. ಆದ್ರೆ ನಿನ್ನ ಕಂಪ್ಯೂಟರಲ್ಲಿ ಅಲ್ಲ."

ಬೇಂದ್ರೆಯವರ ಅಜ್ಜನ ಕಾಲದಿಂದಲೂ ಕನ್ನಡದಲ್ಲಿ ಇಂಥ ಮಾತು ಹೇಳಿದವರನ್ನು ಅನುಭಾವಿಗಳು ಎಂದು ಕರೆದು ಕೈಮುಗಿಯುವ ರೂಢಿಯಿದೆ. ನಾನು ಕನ್ನಡಕ ಒರೆಸಿಕೊಂಡೆ. ಅವನು ಬಿಡಿಸಿ ಹೇಳಿದ. ನನ್ನ ವಿಂಡೋಸ್ ಕೆಡಬಾರದೆಂದು ಅದರೊಳಗೇ ವರ್ಚುವಲ್‌ಬಾಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ, ಅದರೊಳಗೆ ಉಬುಂಟು ಎಂಬ ಇನ್ನೊಂದು ಇಡೀ ಕಂಪ್ಯೂಟರನ್ನು ಕೂರಿಸಿದ್ದನಂತೆ. ಒಳಗಿನದಕ್ಕೂ ಅದರದೇ ಡಿಸ್ಕು, ಅದರದೇ ಮೆಮೊರಿ, ಅದರದೇ ನೆಟ್‌ವರ್ಕ್ ಕಾರ್ಡು. ತಾನು ಇನ್ನೊಬ್ಬರ ಹೊಟ್ಟೆಯಲ್ಲಿದ್ದೇನೆಂಬ ಅರಿವು ಅದಕ್ಕೆ ಹೆಚ್ಚೇನೂ ಇರುವುದಿಲ್ಲವಂತೆ. ನಮ್ಮ ಅಡುಗೆಮನೆಯಲ್ಲಿ ಒಂದರೊಳಗೊಂದು ಕೂರುವ ಏಳು ಸ್ಟೀಲ್ ಡಬ್ಬಿಗಳಿವೆ; ಹಾಗೆಂದುಕೊಂಡರೆ ಅರ್ಥವಾಗುತ್ತದೆ. ಒಂದೇ ವ್ಯತ್ಯಾಸ. ಡಬ್ಬಿಗಳನ್ನು ಹೊರಗೆ ತೆಗೆದು ಸಾಲಾಗಿ ಇಡಬಹುದು.

ಇದು ಹೊಸ ಆಟ ಎಂದುಕೊಂಡಿದ್ದೆ. ಅಲ್ಲ. ಒಂದು ದೊಡ್ಡ ಯಂತ್ರವನ್ನು ಹಲವು ಯಂತ್ರಗಳಂತೆ ನಟಿಸಲು ಕಲಿಸುವ ಕೆಲಸವನ್ನು ಐಬಿಎಂ ಕಂಪನಿಯವರು ಅಮೆರಿಕದ ಕೇಂಬ್ರಿಡ್ಜಿನಲ್ಲಿ 1960ರ ದಶಕದಲ್ಲೇ ಆರಂಭಿಸಿದ್ದರು. ಅದು ಪಕ್ವವಾಗಿ ವಿಎಂ/370 ಎಂಬ ಹೆಸರಿನಲ್ಲಿ ಪ್ರಕಟವಾದದ್ದು 1972ರ ಆಗಸ್ಟ್ 2ರಂದು. ಇದನ್ನು ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಅದೇ ತಿಂಗಳ 15ರಂದು ನಮ್ಮ ದೇಶದಲ್ಲಿ ಪಿನ್ ಕೋಡ್ ಜಾರಿಗೆ ಬಂತು! ಸಂಸ್ಕೃತ ಪಂಡಿತರೂ ಆಗಿದ್ದ ಅಧಿಕಾರಿ ಶ್ರೀರಾಮ ಭಿಕಾಜಿ ವೇಲಣಕರರು ದೇಶವನ್ನೆಲ್ಲ ಆರು ಅಂಕಿಗೆ ಇಳಿಸಿದ ತಿಂಗಳಲ್ಲೇ, ಅತ್ತ ಸಮುದ್ರದಾಚೆ ಇನ್ನು ಯಾರೋ ಒಂದು ಯಂತ್ರವನ್ನು ಹತ್ತಾರು ಮಾಡಿ ಹಂಚುತ್ತಿದ್ದರು. ಮುಂದೆ ಐವತ್ತು ವರ್ಷ ಕಳೆದ ಮೇಲೆ ಇವೆರಡೂ ನನ್ನ ನಡುಮನೆಯಲ್ಲಿ ಡಿಕ್ಕಿ ಹೊಡೆಯುತ್ತವೆಂದು ಯಾರು ತಿಳಿದಿದ್ದರು?

ಡಿಕ್ಕಿ ಹೊಡೆದದ್ದು ಮೊಮ್ಮಗ ಬೆಂಗಳೂರಿಗೆ ಬಸ್ಸು ಹತ್ತಿದ ಮೇಲೆ. ನನ್ನ ಪರದೆಯ ಮೇಲೆ ಉಬುಂಟುವಿನ ಕಿಟಕಿಯಲ್ಲಿ ಪತ್ರಪೆಟ್ಟಿಗೆ ಚೆನ್ನಾಗಿಯೇ ತೆರೆಯುತ್ತಿತ್ತು. ಆದರೆ ನನ್ನಾಕೆ ಓದಲು ಕೂರುವುದು ಜಗುಲಿಯಲ್ಲಿ, ಮಗ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪಿನಲ್ಲಿ. ಅಲ್ಲಿಂದ ತೆರೆಯಲಿಲ್ಲ. ಎಷ್ಟು ಹೊತ್ತು ಕಾದರೂ ಚಕ್ರ ತಿರುಗಿ ತಿರುಗಿ, ಕಾದು ಸಾಕಾಯಿತೆಂಬರ್ಥದ ಇಂಗ್ಲಿಷ್ ಸಾಲೊಂದು ಬಂದು ನಿಲ್ಲುತ್ತಿತ್ತು. ವಿಚಿತ್ರವೆಂದರೆ, ಒಳಗಿನ ಉಬುಂಟುವಿನಿಂದ ಹೊರಗಿನ ಪ್ರಪಂಚವೆಲ್ಲ ಕಾಣುತ್ತಿತ್ತು. ಪತ್ರಿಕೆ, ಪಂಚಾಂಗ, ಹವಾಮಾನ, ಎಲ್ಲ. ಅದನ್ನು ಮಾತ್ರ ಹೊರಗಿನಿಂದ ಯಾರೂ ನೋಡುವಂತಿರಲಿಲ್ಲ.

ಫೋನಿನಲ್ಲಿ ಮೊಮ್ಮಗ, "ಅದರ ಐಪಿ ಅಡ್ರೆಸ್ ಎಷ್ಟಿದೆ ನೋಡು ತಾತ" ಎಂದ. ನೋಡಿದೆ. 10.0.2.15.

"ಹಾಗಾದ್ರೆ ಅದು ನ್ಯಾಟ್‌ನಲ್ಲಿದೆ. ಪ್ರಪಂಚದಲ್ಲಿ ಯಾರು ವರ್ಚುವಲ್‌ಬಾಕ್ಸ್ ಹಾಕಿದ್ರೂ, ಏನೂ ಬದಲಾಯಿಸದೆ ಬಿಟ್ರೆ ಮೊದಲು ಸಿಗೋದು ಇದೇ ನಂಬರು."

ಅಂಚೆಯವನಿಗೆ ಇದಕ್ಕಿಂತ ದೊಡ್ಡ ಆಘಾತ ಇಲ್ಲ. ಲಕ್ಷಾಂತರ ಜನಕ್ಕೆ ಒಂದೇ ವಿಳಾಸ! ಆಮೇಲೆ ಸಮಾಧಾನ ಮಾಡಿಕೊಂಡೆ. ನಮ್ಮಲ್ಲಿ ಗಾಂಧಿನಗರ ಇಲ್ಲದ ಊರು ಯಾವುದಿದೆ? 'ಗಾಂಧಿನಗರ, 2ನೇ ಅಡ್ಡರಸ್ತೆ' ಎಂದಷ್ಟೇ ಬರೆದರೆ ಊರೊಳಗಿನ ಪೋಸ್ಟ್‌ಮನ್‌ಗೆ ಅದು ಸಾಕು. ಊರಿನಾಚೆಗೆ ಅದು ವಿಳಾಸವೇ ಅಲ್ಲ. ಇಂಟರ್ನೆಟ್ಟಿನ ಹಿರಿಯರೂ ಇದನ್ನೇ ಮಾಡಿದ್ದಾರೆ. ಹಳೆಯ ಪದ್ಧತಿಯ ವಿಳಾಸಗಳು ಒಟ್ಟು ಸುಮಾರು 429 ಕೋಟಿ ಮಾತ್ರ. ಹಂಚುವ ಮೂಲ ದಾಸ್ತಾನು 2011ರ ಫೆಬ್ರವರಿಯಲ್ಲಿ ಬರಿದಾಯಿತು. ಬರಿದಾಗುತ್ತದೆಂದು ಮೊದಲೇ ತಿಳಿದಿದ್ದರಿಂದ, 10ರಿಂದ ಶುರುವಾಗುವವು, 192.168ರಿಂದ ಶುರುವಾಗುವವು, 172ರಲ್ಲಿ ಒಂದಷ್ಟು, ಇವನ್ನು ಯಾರು ಬೇಕಾದರೂ ತಮ್ಮ ಮನೆಯೊಳಗೆ ಇಟ್ಟುಕೊಳ್ಳಿ ಎಂದು 1996ರಲ್ಲಿ ನಿಯಮ ಬರೆದರು. ಇವು ಗಾಂಧಿನಗರಗಳು. ಊರಿನಾಚೆಯ ರೂಟರುಗಳು ಇವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ನನ್ನ ಮನೆಯೊಳಗೆ ಈಗ ಎರಡು ಊರುಗಳಿದ್ದವು. ರೂಟರಿನ ಊರು 192.168.1, ಅದರಲ್ಲಿ ನನ್ನ ವಿಂಡೋಸಿನ ಮನೆ ನಂಬರು 5, ನನ್ನಾಕೆಯದು 9. ಉಬುಂಟು ಮಾತ್ರ ವಿಂಡೋಸಿನ ಹೊಟ್ಟೆಯಲ್ಲಿರುವ ಬೇರೆ ಊರಿನ ನಿವಾಸಿ. ಅದರ ಹೊರವ್ಯವಹಾರವೆಲ್ಲ ವಿಂಡೋಸಿನ ಹೆಸರಿನಲ್ಲೇ. ಹೊರಗೆ ಹೋಗುವ ಕಾಗದದ ಮೇಲಿನ 'ಇಂದ' ವಿಳಾಸ ಹೊಡೆದುಹಾಕಿ ತನ್ನದನ್ನು ಬರೆಯುವುದು, ಉತ್ತರ ಬಂದಾಗ ಇದು ಒಳಗಿನವನ ಕಾಗದಕ್ಕೆ ಬಂದದ್ದೆಂದು ರಿಜಿಸ್ಟರ್ ನೋಡಿ ಒಳಗೆ ಕೊಡುವುದು, ಇದೇ ನ್ಯಾಟ್. ಕೇಳುತ್ತ ಕೇಳುತ್ತ ನನಗೆ ನಗು ಬಂತು. ಇಷ್ಟಕ್ಕೆ ಇಂಗ್ಲಿಷಿನ ಮೂರಕ್ಷರ ಯಾಕೆ? ನಮ್ಮಲ್ಲಿ ಇದಕ್ಕೆ ಕೇರಾಫ್ ಎನ್ನುತ್ತಾರೆ.

1979ರಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಬೆಂಗಳೂರಿನ ಚಾಮರಾಜಪೇಟೆಯ ಒಂದು ವಠಾರದಲ್ಲಿದ್ದೆ. ಎಂಟು ಮನೆ, ಎರಡು ನಲ್ಲಿ, ಮೆಟ್ಟಿಲ ಮೇಲೊಂದು ಕೋಣೆ. ಆ ಕೋಣೆಗೆ ನಂಬರಿರಲಿಲ್ಲ. ನನ್ನ ಕಾಗದಗಳೆಲ್ಲ 'ಕೇರಾಫ್' ಯಜಮಾನರು. ನಾನು ಬರೆದ ಕಾಗದಕ್ಕೆ ಉತ್ತರ ಬಂದರೆ ಅವರೇ ಕರೆದು ಕೊಡುತ್ತಿದ್ದರು. ಕಾರ್ಡಾಗಿದ್ದರೆ ಸಾರಾಂಶವನ್ನೂ ಸೇರಿಸಿ. ತೊಂದರೆಯಾಗುತ್ತಿದ್ದದ್ದು ಹೇಳದೆ ಕೇಳದೆ ಬರುವವರಿಗೆ. ಒಂದು ಮಧ್ಯಾಹ್ನ ಊರಿನಿಂದ ಚಿಕ್ಕಪ್ಪ ಹಲಸಿನಹಣ್ಣು ಹೊತ್ತುಕೊಂಡು ಬಂದು ನನ್ನ ಹೆಸರು ಹಿಡಿದು ವಿಚಾರಿಸಿದ್ದಾರೆ. ಯಜಮಾನರಿಗೆ ನಾನು ಬರೀ 'ಪೋಸ್ಟಾಫೀಸಿನ ಹುಡುಗ'. "ಆ ಹೆಸರಿನವರು ಇಲ್ಲಿ ಯಾರೂ ಇಲ್ಲ" ಎಂದರಂತೆ. ಚಿಕ್ಕಪ್ಪ ಹಣ್ಣನ್ನು ಮತ್ತೆ ಹೊರಲಾರದೆ ಅವರಿಗೇ ಕೊಟ್ಟು ಹೋದರು. ಸಂಜೆ ಯಜಮಾನರ ಮನೆಯಿಂದ ನನಗೆ ಆರು ತೊಳೆ ಬಂತು, "ಯಾರೋ ಪುಣ್ಯಾತ್ಮ ಕೊಟ್ಟ" ಎಂಬ ಒಕ್ಕಣೆಯ ಸಮೇತ.

ನ್ಯಾಟ್ ಎಂದರೆ ಪೂರ್ತಿ ಇದೇ. ಒಳಗಿನವನು ತಾನಾಗಿ ಮಾತು ತೆಗೆದರೆ ಉತ್ತರ ಬರುತ್ತದೆ. ಹೊರಗಿನವರು ತಾವಾಗಿ ಮಾತು ತೆಗೆದರೆ ಅವನು ಇಲ್ಲವೇ ಇಲ್ಲ. ಈ ವಿದ್ಯೆಯಲ್ಲಿ ಹೊರಗಿನ ಯಂತ್ರಕ್ಕೆ ಆತಿಥೇಯ, ಒಳಗಿನದಕ್ಕೆ ಅತಿಥಿ ಎಂದು ಹೆಸರು. ತಿಥಿ ಇಲ್ಲದೆ ಬರುವವನು ಅತಿಥಿ ಎನ್ನುತ್ತಾರೆ ನಮ್ಮ ಹಿರಿಯರು. ಇವನಿಗೆ ತಿಥಿಯೂ ಇಲ್ಲ, ವಿಳಾಸವೂ ಇಲ್ಲ.

ಮೊಮ್ಮಗ ಎರಡು ದಾರಿ ಹೇಳಿದ. ಮೊದಲನೆಯದು ಪೋರ್ಟ್ ಫಾರ್ವರ್ಡಿಂಗ್. ವಿಂಡೋಸಿನ 5000ನೇ ಬಾಗಿಲಿಗೆ ಯಾರಾದರೂ ಬಂದರೆ ಒಳಗಿನವನ 5000ನೇ ಬಾಗಿಲಿಗೆ ಕಳುಹಿಸು ಎಂದು ಮೊದಲೇ ಬರೆದಿಡುವುದು. ಮನೆಮನೆಗೆ ಫೋನಿಲ್ಲದ ಕಾಲದಲ್ಲಿ ವಿಸಿಟಿಂಗ್ ಕಾರ್ಡಿನ ಮೇಲೆ ಪಕ್ಕದ ಮನೆಯ ನಂಬರು ಹಾಕಿ ಮುಂದೆ ಪಿ.ಪಿ. ಎಂದು ಅಚ್ಚು ಹಾಕಿಸುತ್ತಿದ್ದರಲ್ಲ, ಅದು. ಪಕ್ಕದ ಮನೆಯವರು ಕಾಂಪೌಂಡಿನ ಮೇಲೆ ಕತ್ತು ಹಾಕಿ ಕೂಗಿದರೆ ಒಗ್ಗರಣೆ ಬಿಟ್ಟು ಓಡಬೇಕು. ಇಲ್ಲೂ ಬರೆದಿಟ್ಟೆ. ಬರೆದು ಮುಗಿಸುವಷ್ಟರಲ್ಲಿ ವಿಂಡೋಸಿನ ಫೈರ್‌ವಾಲ್ ಎದ್ದು ಬಂದು, ಈ ತಂತ್ರಾಂಶಕ್ಕೆ ಹೊರಗಿನವರೊಂದಿಗೆ ಮಾತಾಡಲು ಬಿಡಬಹುದೇ ಎಂದು ಕೇಳಿತು. ಗೊತ್ತಿಲ್ಲದ ಏನು ಕೇಳಿದರೂ ಬೇಡ ಎನ್ನಬೇಕೆಂದು ಬ್ಯಾಂಕಿನವರು ದಿನಕ್ಕೆರಡು ಸಂದೇಶ ಕಳಿಸಿ ನನ್ನನ್ನು ಪಳಗಿಸಿದ್ದಾರೆ. ಬೇಡ ಎಂದೆ. ಅಲ್ಲಿಗೆ ಆ ದಾರಿ ಮುಚ್ಚಿತು. ಮುಚ್ಚಲು ಇನ್ನೊಂದು ಕಾರಣವೂ ಇತ್ತು. ಅದು ಆಮೇಲೆ ತಿಳಿಯಿತು, ಮತ್ತು ಆ ತಪ್ಪು ನನ್ನದಲ್ಲ.

ಎರಡನೆಯ ದಾರಿಯ ಹೆಸರು ಬ್ರಿಡ್ಜ್. "ನೆಟ್‌ವರ್ಕ್ ಸೆಟ್ಟಿಂಗಿಗೆ ಹೋಗಿ ನ್ಯಾಟ್ ಅಂತ ಇರೋದನ್ನ ಬ್ರಿಡ್ಜ್ಡ್ ಅಡಾಪ್ಟರ್ ಮಾಡು ತಾತ. ಆಗ ಅದಕ್ಕೆ ರೂಟರೇ ನೇರವಾಗಿ ನಂಬರು ಕೊಡುತ್ತೆ. ಬೀದೀಲಿ ನಮ್ಮನೆ, ಅಜ್ಜಿ ಮನೆ ಇದ್ದ ಹಾಗೆ ಅದೂ ಒಂದು ಮನೆ." ಕೇಳಲು ಹಿತವಾಗಿತ್ತು. ಕೇರಾಫ್‌ನಿಂದ ಬಿಡುಗಡೆ, ಸ್ವಂತ ಗೇಟು, ಸ್ವಂತ ಕಾಗದದ ಡಬ್ಬಿ. ಮಾಡಿದೆ. ಉಬುಂಟುವಿಗೆ ನಂಬರೇ ಬರಲಿಲ್ಲ.

ಇದಕ್ಕೆ ಮೂರು ದಿನ ಹೋಯಿತು. ಕಾರಣ ವೈಫೈ. ನನ್ನ ಕಂಪ್ಯೂಟರು ಹೆಬ್ಬೆರಳಿನಷ್ಟು ದೊಡ್ಡ ಡಾಂಗಲ್ ಸಿಕ್ಕಿಸಿಕೊಂಡು ವೈಫೈ ಹಿಡಿಯುತ್ತದೆ. ಪ್ರತಿ ನೆಟ್‌ವರ್ಕ್ ಕಾರ್ಡಿಗೂ ಮ್ಯಾಕ್ ವಿಳಾಸ ಎಂಬ ಹನ್ನೆರಡಕ್ಷರದ ಜನ್ಮನಾಮ ಇರುತ್ತದೆ. ವೈಫೈ ರೂಟರು ಒಳಗೆ ಬಿಟ್ಟುಕೊಳ್ಳುವಾಗ ಆ ಹೆಸರು ಬರೆದುಕೊಂಡು, ಆ ಕೊಂಡಿಯಿಂದ ಆ ಒಂದು ಹೆಸರಿನ ಮಾತನ್ನಷ್ಟೇ ಕೇಳುತ್ತದೆ. ಅದೇ ಕೊಂಡಿಯಿಂದ ಇನ್ನೊಂದು ಹೆಸರು ಕೇಳಿಬಂದರೆ, ಒಂದೇ ಟಿಕೆಟ್ಟಿನಲ್ಲಿ ಇಬ್ಬರನ್ನು ಕಂಡ ಕಂಡಕ್ಟರನಂತೆ ಕೆಳಗಿಳಿಸುತ್ತದೆ. ಇದನ್ನು ದಾಟಲು ವರ್ಚುವಲ್‌ಬಾಕ್ಸ್ ಒಳಗಿನವನ ಹೆಸರಿನ ಜಾಗದಲ್ಲಿ ಹೊರಗಿನವನ ಹೆಸರಿಟ್ಟು ಏನೋ ಉಪಾಯ ಮಾಡುತ್ತದೆ. ಕೆಲವು ಮನೆಗಳಲ್ಲಿ ನಡೆಯುತ್ತದೆ. ನಮ್ಮ ಮನೆಯಲ್ಲಿ ನಡೆಯಲಿಲ್ಲ.

ಕೇಬಲ್ಲಿಗೆ ಇಂಥ ಮಡಿಮೈಲಿಗೆಯಿಲ್ಲ. ಅದರ ಮೇಲೆ ಎಷ್ಟು ಹೆಸರಿನವರು ಬೇಕಾದರೂ ನಡೆಯಬಹುದು. ಹದಿನೈದು ಮೀಟರ್ ಹಳದಿ ಕೇಬಲ್ ತಂದೆ. ರೂಟರಿನಿಂದ ನನ್ನ ಮೇಜಿಗೆ ಇರುವ ಹತ್ತಿರದ ದಾರಿ ದೇವರಮನೆಯ ಹೊಸ್ತಿಲ ಮೇಲೆ ಹಾಯುತ್ತದೆ. ನನ್ನಾಕೆ ಕೇಬಲ್ಲನ್ನು ನೋಡಿದಳು, ಹೊಸ್ತಿಲನ್ನು ನೋಡಿದಳು, ನನ್ನನ್ನು ನೋಡಿದಳು. ಕೇಬಲ್ಲು ಅಡುಗೆಮನೆಯ ಗೋಡೆ ಬಳಸಿ, ಫ್ರಿಜ್ಜಿನ ಹಿಂದೆ ನುಸುಳಿ, ಹದಿನೈದು ಮೀಟರೂ ಖರ್ಚಾಗಿ ಮೇಜು ಮುಟ್ಟಿತು. ಡಾಂಗಲ್ ಕಿತ್ತು ಕೇಬಲ್ ಸಿಕ್ಕಿಸಿದೆ. ಉಬುಂಟುವಿಗೆ ನಂಬರು ಬಂತು: 192.168.1.14. ಅಂದು ರಾತ್ರಿ ಅದರ ಗೃಹಪ್ರವೇಶಕ್ಕೆ ಪಾಯಸ ಆಗಬೇಕಿತ್ತು. ಆಗಲಿಲ್ಲ.

ಯಾಕೆಂದರೆ ಜಗುಲಿಯಲ್ಲಿ ಇನ್ನೂ ಏನೂ ತೆರೆಯುತ್ತಿರಲಿಲ್ಲ. "ಮೊದಲು ಪಿಂಗ್ ಮಾಡು" ಎಂದ ಮೊಮ್ಮಗ. ಪಿಂಗ್ ಎಂದರೆ ಬಾಗಿಲು ತಟ್ಟಿ 'ಇದ್ದೀರಾ?' ಎನ್ನುವುದು. 1983ರ ಡಿಸೆಂಬರಿನಲ್ಲಿ ಮೈಕ್ ಮೂಸ್ ಎಂಬುವರು ಬರೆದ ಪುಟ್ಟ ಪ್ರೋಗ್ರಾಂ. ನೀರಿನಾಳದ ಜಲಾಂತರ್ಗಾಮಿಯನ್ನು ಹುಡುಕುವ ಸೋನಾರಿನ ಸದ್ದನ್ನೇ ಹೆಸರಾಗಿಟ್ಟರು. ಜಗುಲಿಯ ಲ್ಯಾಪ್‌ಟಾಪಿನಿಂದ ತಟ್ಟಿದೆ. ಇದ್ದೇನೆ, ಇದ್ದೇನೆ, ಇದ್ದೇನೆ, ಇದ್ದೇನೆ ಎಂದು ನಾಲ್ಕು ಸಲ ಉತ್ತರ ಬಂತು. ಸರಿ, ಪತ್ರಪೆಟ್ಟಿಗೆ ಕೊಡು ಎಂದರೆ ಈ ಸಲ ಚಕ್ರ ತಿರುಗಲೂ ಇಲ್ಲ. ತಟ್ಟನೆ ಬೇರೆಯೇ ಸಾಲು ಬಂತು: ಕನೆಕ್ಷನ್ ರೆಫ್ಯೂಸ್ಡ್.

ಬೇಸರದಿಂದ ಫೋನ್ ಮಾಡಿದರೆ ಆ ಕಡೆ ಸಂಭ್ರಮ. "ಸೂಪರ್ ತಾತ! ರೆಫ್ಯೂಸ್ ಮಾಡ್ತಿದೆ!"

ನನಗೂ ಆಗ ಹೊಳೆಯಿತು. ಮುಟ್ಟದ ಕಾಗದದ ಮೇಲೆ ನಾವು ಕಾರಣ ಬರೆದು ವಾಪಸು ಕಳಿಸುತ್ತಿದ್ದೆವಲ್ಲ: ಅಡ್ರೆಸೀ ಲೆಫ್ಟ್, ಇನ್‌ಸಫಿಷಿಯಂಟ್ ಅಡ್ರೆಸ್, ನಾಟ್ ನೋನ್. ಇವುಗಳ ಸಾಲಿನಲ್ಲಿ ರೆಫ್ಯೂಸ್ಡ್ ಎನ್ನುವುದೂ ಒಂದು. ಉಳಿದವುಗಳಲ್ಲಿ ಮನುಷ್ಯ ಇದ್ದಾನೋ ಇಲ್ಲವೋ ಅನುಮಾನ. ರೆಫ್ಯೂಸ್ಡ್ ಎಂದರೆ ಅನುಮಾನವೇ ಇಲ್ಲ. ವಿಳಾಸ ಸರಿ, ಬೀದಿ ಸರಿ, ಮನೆ ಸರಿ. ಅಷ್ಟು ದೂರ ಕಾಗದ ಹೋಗಿದೆ. ಬಾಗಿಲಲ್ಲಿ ಬೇಡ ಎಂದಿದ್ದಾರೆ, ಅಷ್ಟೆ. ಕಂಪ್ಯೂಟರಿನಲ್ಲೂ ಹಾಗೇ. ಉತ್ತರವಿಲ್ಲದೆ ಕಾದು ಕಾದು ಸೋತರೆ ದಾರಿಯಲ್ಲಿ ಯಾವುದೋ ಗೋಡೆ ನುಂಗಿದೆ ಎಂದು ಅನುಮಾನಿಸಬೇಕು. ಕೂಡಲೇ ಬೇಡ ಎಂದರೆ ಬಹುಮಟ್ಟಿಗೆ ಯಂತ್ರ ಸಿಕ್ಕಿದೆ, ಆ ಬಾಗಿಲಲ್ಲಿ ಕಿವಿಗೊಟ್ಟವರು ಇಲ್ಲ ಎಂದು ತಿಳಿಯಬೇಕು.

ಕಿವಿಗೊಟ್ಟವರು ಯಾಕಿಲ್ಲ? ಮೊಮ್ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾರಿ ತಾತ, ಅದು ನಂದೇ ತಪ್ಪು" ಎಂದ. ಅವನ ಪ್ರೋಗ್ರಾಂ 127.0.0.1 ಎಂಬ ವಿಳಾಸದಲ್ಲಿ ಮಾತ್ರ ಕಿವಿ ತೆರೆದು ಕೂತಿತ್ತು. ಎಲ್ಲ ಕಂಪ್ಯೂಟರುಗಳಿಗೂ 127.0.0.1 ಎಂದರೆ 'ನಾನೇ'. ತನ್ನೊಳಗೆ ತಾನೇ ಆಡಿದ ಮಾತು ಮಾತ್ರ ಅದಕ್ಕೆ ಕೇಳುತ್ತದೆ. ಪಕ್ಕದವರು ಕೂಗಿದರೂ ಕೇಳಿಸದು. ವಯಸ್ಸಾದ ಮೇಲೆ ನಮ್ಮಂಥವರು ಹೀಗಾಗುವುದು ಸಹಜ, ನಿನ್ನೆ ಹುಟ್ಟಿದ ಪ್ರೋಗ್ರಾಂ ಯಾಕೆ ಹೀಗೆ ಎಂದು ಕೇಳಿದೆ. ಬರೆಯುವ ಹಂತದಲ್ಲಿ ಅಪ್ಪಿತಪ್ಪಿ ಹೊರಗಿನವರಿಗೆ ಕಾಣದಿರಲೆಂದು ಮೊದಲಿಗೆ ಹಾಗೆಯೇ ಇಟ್ಟಿರುತ್ತಾರಂತೆ. ಅದನ್ನು 0.0.0.0 ಎಂದು ಬದಲಿಸಿದರೆ, ಯಾವ ದಿಕ್ಕಿನಿಂದ ಕರೆದರೂ ಓಗೊಡುತ್ತದೆ. ನಾಲ್ಕು ಸೊನ್ನೆ ಬರೆದೆ. ಜಗುಲಿಯಿಂದ ಸದ್ದಿಲ್ಲ. ಹೋಗಿ ನೋಡಿದರೆ ನನ್ನಾಕೆ 1981ರ ಒಂದು ಇನ್‌ಲ್ಯಾಂಡಿನ ಮೇಲೆ ಬಗ್ಗಿದ್ದಳು. ಅತ್ತೆಯ ಕೈಬರಹ. ಮಡಿಸುವ ಅಂಚಿನಲ್ಲೂ ಜಾಗ ಬಿಡದೆ ಬರೆಯುತ್ತಿದ್ದವರು. ನಾನು ಕಾಫಿ ಕೇಳದೆ ಒಳಗೆ ಬಂದೆ.

ಹೀಗೆ ಹನ್ನೊಂದು ದಿನ. ಹನ್ನೆರಡನೆಯ ದಿನ ಕರೆಂಟ್ ಹೋಗಿ ಬಂತು, ಪತ್ರಪೆಟ್ಟಿಗೆ ಮತ್ತೆ ಮಾಯ. ರೂಟರು ಕೊಡುವ ನಂಬರು ಬಾಡಿಗೆಯದು, ಕಾಯಂ ಅಲ್ಲ. ಕತ್ತಲು ಕಳೆದು ಎದ್ದ ಮೇಲೆ ಉಬುಂಟು 14ರಿಂದ 11ಕ್ಕೆ ಮನೆ ಬದಲಿಸಿತ್ತು. ರೂಟರಿನೊಳಗೆ ಹೋಗಿ, ಇಂಥ ಮ್ಯಾಕ್ ವಿಳಾಸದವನಿಗೆ ಯಾವಾಗಲೂ 50ನೇ ನಂಬರನ್ನೇ ಕೊಡು ಎಂದು ಬರೆದಿಟ್ಟೆ. ವರ್ಚುವಲ್‌ಬಾಕ್ಸ್ ಹುಟ್ಟಿಸುವ ಅತಿಥಿಗಳ ಮ್ಯಾಕ್ ವಿಳಾಸ ಸಾಮಾನ್ಯವಾಗಿ 08:00:27 ಎಂದೇ ಶುರುವಾಗುತ್ತದೆ. ಮನೆತನದ ಇನಿಷಿಯಲ್ಲಿನಿಂದ ಗುರುತು ಹಿಡಿಯುವುದು ಕಷ್ಟವಾಗಲಿಲ್ಲ.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದಾಗ ಒಂದು ಸಂಜೆ ಪಕ್ಕದ ಮನೆಯ ಪಿಯುಸಿ ಹುಡುಗ ಬಂದ. ಕೊರೋನಾ ಕಾಲದಲ್ಲಿ ಅವನ ಆನ್‌ಲೈನ್ ಪಾಠಕ್ಕೆಂದು ನಮ್ಮ ವೈಫೈ ಪಾಸ್‌ವರ್ಡ್ ಕೊಟ್ಟಿದ್ದೆ. ಕೊಟ್ಟದ್ದು ಮರೆತಿದ್ದೆ. ನೆಟ್‌ವರ್ಕಿನಲ್ಲಿ ಯಾರ್ಯಾರಿದ್ದಾರೆಂದು ಜಾಲಾಡುವ ಆ್ಯಪ್ ಅವನ ಮೊಬೈಲಿನಲ್ಲಿದೆಯಂತೆ. ಬಾಗಿಲಲ್ಲೇ ನಿಂತು ಅಕ್ಕರೆಯಿಂದ ಕೇಳಿದ:

"ಅಂಕಲ್, ನಿಮ್ಮ ಭಾವಮೈದ 1984ರಲ್ಲಿ ಆರುನೂರು ರೂಪಾಯಿ ಸಾಲ ಕೇಳಿದ್ರಲ್ಲ, ವಾಪಸ್ ಕೊಟ್ರಾ?"

ಹಿಂದೆ ಕಾಫಿ ಲೋಟ ಹಿಡಿದು ನನ್ನಾಕೆ ನಿಂತಿದ್ದಳು. ತಮ್ಮ ಸಾಲ ಕೇಳಿದ್ದು ಆಕೆಗೆ ನಾಲ್ಕು ದಶಕ ತಿಳಿದಿರಲಿಲ್ಲ. ಆ ಕಾಫಿ ನನ್ನ ಕೈಗೆ ಬರಲಿಲ್ಲ.

ನಾಲ್ಕು ಸೊನ್ನೆ ಬರೆಯುವಾಗ ಮೊಮ್ಮಗ ಹೇಳಿದ್ದು, ಯಾರು ಕರೆದರೂ ಓಗೊಡುತ್ತದೆ ಎಂದು. ನಾನು ಕೇಳಿಸಿಕೊಂಡದ್ದು, ನನ್ನಾಕೆ ಕರೆದರೆ ಓಗೊಡುತ್ತದೆ ಎಂದು. ಗೇಟಿನ ಮೇಲೆ ನಂಬರು ಬರೆಸಿದ ಮೇಲೆ ಬೇಕಾದವರಿಗೆ ಮಾತ್ರ ಅದು ಕಾಣಲಿ ಎಂದರೆ ನಡೆಯುವುದಿಲ್ಲ. ಕೇರಾಫ್‌ನಲ್ಲಿದ್ದಾಗ ಹಲಸಿನಹಣ್ಣು ಹೋಯಿತು, ನಿಜ, ಸಾಲಗಾರರೂ ಬರುತ್ತಿರಲಿಲ್ಲ. ಈಗ ಪತ್ರಪೆಟ್ಟಿಗೆಗೆ ಒಂದು ಗುಪ್ತಪದ ಹಾಕಿಸಿದ್ದೇನೆ, ವೈಫೈ ಪಾಸ್‌ವರ್ಡ್ ಬದಲಿಸಿದ್ದೇನೆ. ಹುಡುಗನನ್ನು ಬಿಡಲಾಗದೆ ರೂಟರಿನ ಗೆಸ್ಟ್ ನೆಟ್‌ವರ್ಕಿಗೆ ಸೇರಿಸಿದ್ದೇನೆ. ಅಲ್ಲಿಂದ ಅವನಿಗೆ ಪ್ರಪಂಚವೆಲ್ಲ ಕಾಣುತ್ತದೆ, ನಮ್ಮ ಮನೆ ಕಾಣುವುದಿಲ್ಲ.

ಪತ್ರಪೆಟ್ಟಿಗೆಯ ಕಾಯಂ ವಿಳಾಸ 192.168.1.50, ಬಾಗಿಲು 5000. ಇದನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಲು ನನಗೆ ಅಳುಕಿಲ್ಲ. ಇದು ಗಾಂಧಿನಗರದ ವಿಳಾಸ. ನೀವು ನಿಮ್ಮ ಮನೆಯಲ್ಲಿ ಕೂತು ಈ ನಂಬರು ಒತ್ತಿದರೆ, ಬಾಗಿಲಿಗೆ ಬರುವುದು ನಿಮ್ಮದೇ ಟೀವಿಯೋ ಪ್ರಿಂಟರೋ ಆಗಿರುತ್ತದೆ. ಅದು ರೆಫ್ಯೂಸ್ ಮಾಡಿದರೆ ಬೇಸರಪಡಬೇಡಿ.